ಅಕ್ಷರ ಬಿಟ್ಟು ಮಿಕ್ಕಿದ್ದು

ಕಿಡಿಗೆ ಆ ಹೆಸರು ಉಳಿಯಿಂದ ಬಂತೋ ನಾಲಿಗೆಯಿಂದ ಬಂತೋ ಯಾರಿಗೂ ನೆನಪಿಲ್ಲ. ಕಲ್ಲಿಗೆ ಉಳಿ ಇಟ್ಟರೆ ಕಿಡಿ ಹಾರುತ್ತಿತ್ತು, ಮನುಷ್ಯರ ಮುಂದೆ ಬಾಯಿ ತೆರೆದರೂ ಹಾರುತ್ತಿತ್ತು. ಬರೆದದ್ದನ್ನೇ ಮತ್ತೆ ಮತ್ತೆ ಬರೆ ಎಂದ ಮೇಷ್ಟ್ರಿಗೆ, ‘ಕಲ್ಲಲ್ಲಿ ಬರೆದುಕೊಡ್ತೀನಿ, ಒಂದು ಸಲ ಸಾಕು’ ಎಂದು ಚೀಲ ಹೆಗಲಿಗೇರಿಸಿ ಬಂದವನು, ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಂದಿನಿಂದ ಅಪ್ಪನ ಅಂಗಡಿಯಲ್ಲಿ ಕಲ್ಲಿಗೆ ಹೆಸರು ಕೆತ್ತುವ ಕೆಲಸ. ಸತ್ತವರ ಹೆಸರು, ಕಟ್ಟಡದ ಹೆಸರು, ಕಟ್ಟಡದ ಬಾಗಿಲಲ್ಲಿ ರಿಬ್ಬನ್ನು ಕತ್ತರಿಸಿ ಊಟ ಮಾಡಿ ಹೋದ ದೊಡ್ಡವರ ಹೆಸರು. ದೊಡ್ಡವರ ಹೆಸರು ಬಂದಾಗ ಸುತ್ತಿಗೆಯ ಏಟು ಒಂದಿಷ್ಟು ಜೋರಾಗಿಯೇ ಬೀಳುತ್ತಿತ್ತು.

ಅಪ್ಪ ಕೈ ನಡುಗತೊಡಗಿದ ಮೇಲೆ ಉಳಿ ಬಿಟ್ಟಿದ್ದ. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಬಂದವರನ್ನು ಮಾತಾಡಿಸುವುದಷ್ಟೇ ಅವನ ಪಾಲಿಗೆ ಉಳಿದದ್ದು. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಮೂರನೆಯವಳು ತಂಗಿ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವುದು ಅವಳ ಕೆಲಸ. ಮನೆಗೆ ಬಂದ ಮೇಲೂ ಮೈಕು ಆರುತ್ತಿರಲಿಲ್ಲವಾದ್ದರಿಂದ ಕಿಡಿ ಅವಳನ್ನು ರೇಡಿಯೋ ಎನ್ನುತ್ತಿದ್ದ.

ಸಂಜೆ ಅವಳು ಅಂಗಡಿ ಗುಡಿಸಲು ಬಂದರೆ ದಿನಾ ಒಂದೇ ಜಗಳ.

“ಕಾಲೆತ್ತು ಅಣ್ಣಾ.”

“ಎತ್ತಲ್ಲ. ಸುತ್ತ ಗುಡಿಸು.”

“ಸುತ್ತ ಗುಡಿಸೋಕೆ ನೀನೇನು ಕಂಬಾನಾ?”

“ಬಾಯಿ ಮುಚ್ಚು! ಬೆಳಗಿಂದ ಊರಿಗೆಲ್ಲ ಕೂಗಿದ್ದು ಸಾಲದಾ?”

“ನಾನು ಕೂಗೋದು ಸಂಬಳಕ್ಕೆ. ನೀನು ಪುಕ್ಕಟೆ ಕೂಗ್ತೀಯಲ್ಲ, ನಿನಗೇನು ಬಂತು? ಈ ಮನೇಲಿ ನಿನ್ನ ಕೂಗೇ ತುಂಬಿಕೊಂಡಿರುತ್ತೆ. ನನ್ನ ಒಂದು ಮಾತು ಇಡೋಕೆ ಜಾಗ ಹುಡುಕ್ಬೇಕು.”

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಒಂದು ಮಧ್ಯಾಹ್ನ ಎಲೆಯಜ್ಜಿ ಅಂಗಡಿಗೆ ಬಾರದೇ ಇದ್ದಿದ್ದರೆ.

ಎರಡು ಬೀದಿ ಆಚೆ ಟ್ಯಾರೋ ಎಲೆಗಳನ್ನು ಅಚ್ಚು ಹಾಕುತ್ತಿದ್ದ ಮುದುಕಿ ಅವಳು. ಭವಿಷ್ಯ ನೋಡುವವರು ಹರಡಿ ಕೂರುತ್ತಾರಲ್ಲ, ಇಸ್ಪೀಟಿನಂಥ ಆ ಚಿತ್ರದ ಎಲೆಗಳು. ಕಣ್ಣಿಗೆ ಪೊರೆ ಬಂದು ಕರಿ ಗುಡ್ಡೆ ಬೂದಿ ಬಣ್ಣಕ್ಕೆ ತಿರುಗಿತ್ತು. ಆದರೂ ಮುಖ ನೋಡಿದಳೆಂದರೆ ನೇರ ನೋಡುತ್ತಿದ್ದಳು.

“ಮರದಲ್ಲಿ ಕೆತ್ತೋಕೆ ಬರುತ್ತಾ ಮಗಾ?”

“ಕಲ್ಲೇ ನನ್ನ ಮಾತು ಕೇಳುತ್ತೆ, ಮರ ಯಾವ ಲೆಕ್ಕ?”

“ಕಲ್ಲು ಮಾತು ಕೇಳಲ್ಲ. ಸುಮ್ಮನೆ ಹೊಡೆಸಿಕೊಳ್ಳುತ್ತೆ, ಅಷ್ಟೇ.”

ಅಪ್ಪ ಹಲ್ಲುಬಿಟ್ಟು ನಕ್ಕ. ಕಿಡಿಯ ಕಿವಿ ಬಿಸಿಯಾಯಿತು. ಬಿಸಿ ಕಿವಿ ಹೊತ್ತುಕೊಂಡೇ ಅವಳ ಹಿಂದೆ ಹೋದ.

ಅವಳ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ತಂತಿ ಕಟ್ಟಿ ಹಸಿ ಎಲೆಗಳನ್ನು ಕ್ಲಿಪ್ಪು ಹಾಕಿ ಒಣಹಾಕಿದ್ದಳು. ಶಾಯಿಯ ವಾಸನೆ. ಕಿಟಕಿ ಮುಚ್ಚಿತ್ತು, ಗಾಳಿಯ ಸುಳಿವಿಲ್ಲ, ಆದರೂ ಕಿಡಿ ಒಳಗೆ ಕಾಲಿಟ್ಟೊಡನೆ ಎಲೆಗಳು ಒಂದೊಂದಾಗಿ ಅವನ ಕಡೆ ತಿರುಗಿದವು. ಸಿಡಿಲು ಹೊಡೆದು ಮನುಷ್ಯರು ತಲೆಕೆಳಗಾಗಿ ಬೀಳುತ್ತಿರುವ ಗೋಪುರ. ಸಿಂಹಾಸನದ ಮೇಲೆ ಮಹಾರಾಣಿ. ಕಲ್ಲುಬಂಡೆಯಂಥ ಚಕ್ರವರ್ತಿ. ಗಂಟು ಹೊತ್ತು, ಒಂದು ಕಾಲು ಪ್ರಪಾತದ ಮೇಲೆ ಎತ್ತಿ, ಆಕಾಶ ನೋಡುತ್ತ ಹೊರಟ ಮರುಳ. ಪ್ರತಿಯೊಂದರ ಕೆಳಗೂ ಒಂದು ಅಕ್ಷರ, ಅವನು ಎಂದೂ ಕೆತ್ತಿರದ ಅಕ್ಷರ.

“ಹೀಬ್ರೂ,” ಎಂದಳು ಅಜ್ಜಿ. “ದೊಡ್ಡ ಎಲೆ ಇಪ್ಪತ್ತೆರಡು, ಅಕ್ಷರವೂ ಇಪ್ಪತ್ತೆರಡು. ಎಲೆಗೂ ಅಕ್ಷರಕ್ಕೂ ಗಂಟು ಹಾಕಿದವರು ಆಮೇಲಿನವರು, ಅಕ್ಷರ ಮಾತ್ರ ಬಹಳ ಹಳೇದು. ಕಬ್ಬಾಲಾ ಅಂತ ಯಹೂದಿಗಳದ್ದೊಂದು ಗುಟ್ಟಿನ ದಾರಿ ಇದೆ. ಆ ದಾರಿಯವರು ಹೇಳ್ತಾರೆ, ದೇವರು ಲೋಕವನ್ನ ಈ ಅಕ್ಷರ ಕೆತ್ತಿಯೇ ಮಾಡಿದ ಅಂತ. ಒಂದೊಂದು ಅಕ್ಷರಕ್ಕೂ ಒಂದೊಂದು ವಸ್ತು. ವಾವ್ ಅಂದ್ರೆ ಮೊಳೆ. ದಾಲೆತ್ ಬಾಗಿಲು. ಹೇ ಅನ್ನೋದನ್ನ ಕಿಟಕಿ ಅಂತಾರೆ. ಬೇತ್ ಮನೆ. ಪೇ ಬಾಯಿ.”

“ದೇವರು ನಮ್ಮ ಕಸುಬಿನವನೇ ಅನ್ನಿ.”

“ಹೂಂ, ಆದರೆ ನಿನ್ನಷ್ಟು ಜಾಗ ತಿನ್ನೋನಲ್ಲ. ಮೊದಲು ಎಲ್ಲ ಕಡೆ ಅವನೇ ತುಂಬಿದ್ದನಂತೆ. ಲೋಕ ಇಡೋಕೆ ಜಾಗ ಬೇಕಲ್ಲ, ಅದಕ್ಕೆ ತಾನೇ ಹಿಂದೆ ಸರಿದನಂತೆ.”

“ಸರಿದು ಎಲ್ಲಿಗೆ ಹೋದ?”

“ಅದೇ ಯಾರಿಗೂ ಗೊತ್ತಿಲ್ಲ. ಸರಿದವರು ಕಾಣಲ್ಲ ನೋಡು.”

ಚಿತ್ರದ ಅಚ್ಚುಗಳು ಗಟ್ಟಿಯಾಗಿದ್ದವು. ಅಕ್ಷರದ ಸಣ್ಣ ಅಚ್ಚುಗಳಿಗೆ ಹುಳ ಹಿಡಿದು ಮುಟ್ಟಿದರೆ ಪುಡಿಯಾಗುತ್ತಿದ್ದವು. ಹೊಸ ಮರದ ತುಂಡುಗಳ ಮೇಲೆ ಅಜ್ಜಿ ತಾನೇ ಕನ್ನಡಿಯಲ್ಲಿ ಕಾಣುವ ಹಾಗೆ ಅಕ್ಷರಗಳನ್ನು ತಿರುವಿ ಬರೆದಿಟ್ಟಿದ್ದಳು.

“ಇಷ್ಟೇ ಕೆಲಸ. ಅಕ್ಷರ ಬಿಟ್ಟು ಮಿಕ್ಕಿದ್ದು ತೆಗಿ. ಬಿಟ್ಟದ್ದು ಎದ್ದು ನಿಲ್ಲುತ್ತೆ, ಶಾಯಿ ಹಿಡಿಯುತ್ತೆ. ನಿಮ್ಮ ಕಲ್ಲಿನ ಹಾಗೆ ಅಕ್ಷರವನ್ನೇ ತೋಡಿದೆಯೋ, ಅದು ಗುಂಡಿ. ಹುಷಾರು. ತೋಡೋ ಕೈಗೆ ಬಿಡೋದು ಬೇಗ ಬರಲ್ಲ.”

ಆ ಕೊನೆಯ ಮಾತೊಂದು ಬೇಡವಾಗಿತ್ತು. ತುಂಡುಗಳ ಚೀಲ ಹೊತ್ತು ಬರುವಾಗ ದಾರಿಯುದ್ದಕ್ಕೂ ಅದು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚಿತು. ನಮ್ಮಪ್ಪ ತೋಡಿದವನು, ಅವರಪ್ಪ ತೋಡಿದವನು. ತೋಡಿದ ಅಕ್ಷರ ಮಳೆ ಬಿಸಿಲು ತಿಂದುಕೊಂಡು ನಿಂತಿದೆ. ಈ ಕುರುಡಿ ನಮಗೆ ಕಸುಬು ಹೇಳಿಕೊಡುತ್ತಾಳಾ? ಕಪ್ಪಿನ ಮೇಲೆ ಬಿಳಿ ಅಕ್ಷರ ಬೀಳಲಿ, ಆಗ ನೋಡಿ ಬಾಯಿ ಬಿಡುತ್ತಾಳೆ. ಅಂಗಡಿಗೆ ಬಂದವನೇ ತುಂಡನ್ನು ಬೆಂಚಿಗೆ ಬಿಗಿದು ಅಕ್ಷರವನ್ನೇ ತೋಡತೊಡಗಿದ, ಕಲ್ಲಿನಲ್ಲಿ ತೋಡುವಂತೆ, ಎರಡು ಕಡೆಯಿಂದ ಇಳಿಜಾರು ಇಳಿದು ತಳದಲ್ಲಿ ಕೂಡುವ ಚೂಪು ಕಾಲುವೆ.

ಮೊದಲು ವಾವ್ ತೆಗೆದುಕೊಂಡ. ಒಂದೇ ಗೀಟು, ಸುಲಭ. ಕೊನೆಯ ಚಕ್ಕೆ ಹಾರುವುದಕ್ಕೂ ಒಳಮನೆಯಲ್ಲಿ ಅಮ್ಮನ ಫೋಟೋ ಗೋಡೆಯಿಂದ ಬೀಳುವುದಕ್ಕೂ ಸರಿಹೋಯಿತು. ಹಿಂದೆಯೇ ಕನ್ನಡಿ, ಗಡಿಯಾರ, ಅಂಗಿ ನೇತುಹಾಕುವ ಗೂಟ. ಹೋಗಿ ನೋಡಿದರೆ ಗೋಡೆಯಲ್ಲಿ ಮೊಳೆ ಇದ್ದ ಕಡೆಯೆಲ್ಲ ತೂತು, ಮೊಳೆ ನೆಲದ ಮೇಲೂ ಇಲ್ಲ.

“ಸಾಯೋಕೆ ಮುಂಚೆಯೂ ಅಮ್ಮ ನಿನ್ನ ಕೂಗಿಗೆ ಹೀಗೇ ಬೆಚ್ಚಿ ಬೀಳ್ತಿದ್ದಳು,” ಎಂದಳು ತಂಗಿ, ಗಾಜು ಆರಿಸುತ್ತ.

ಗೋಡೆ ಸಡಿಲ ಎಂದು ಕಿಡಿ ತಳ್ಳಿಹಾಕಿದ. ಆಮೇಲೆ ದಾಲೆತ್ ತೋಡಿದ. ಅಂದಿನಿಂದ ಅಂಗಡಿಗೆ ಯಾರೂ ಬರಲಿಲ್ಲ. ಬಾಗಿಲು ಹಾರುಹೊಡೆದಿತ್ತು. ಹೆಸರು ಬರೆಸಲು ವಿಳಾಸ ಕೇಳಿಕೊಂಡು ಬಂದವರು ಬಾಗಿಲ ಎದುರೇ ನಿಂತು, ಗೋಡೆ ನೋಡುವಂತೆ ನೋಡಿ, “ಇಲ್ಲೇ ಎಲ್ಲೋ ಅಂದಿದ್ರಲ್ಲ,” ಎಂದು ಗೊಣಗಿಕೊಂಡು ಮುಂದೆ ಹೋಗುತ್ತಿದ್ದರು. ಅಪ್ಪ ಕುರ್ಚಿಯಿಂದ, “ಸ್ವಾಮೀ, ಇಲ್ಲೇ!” ಎಂದು ಕೈ ಬೀಸಿದರೆ ಒಬ್ಬ ಸುತ್ತಮುತ್ತ ನೋಡಿ ಹೆದರಿ ಕಾಲಿಗೆ ಬುದ್ಧಿ ಹೇಳಿದ.

ಹೇ ತೋಡಿದ ದಿನ ಹೊರಗೆ ಸುಡುಬಿಸಿಲು. ಬೆಳಕು ಕಿಟಕಿಯ ಚೌಕಟ್ಟಿನ ತನಕ ಬಂದು ಅಲ್ಲೇ ನಿಂತಿತು. ಒಳಗೆ ಬರಲೊಲ್ಲದು. ನಡುಮಧ್ಯಾಹ್ನ ತಂಗಿ ಊಟಕ್ಕೆ ಬಂದಾಗ ಮೂವರೂ ದೀಪ ಹಾಕಿಕೊಂಡು ಉಂಡರು.

“ಲೋ ಕಿಡಿ,” ಎಂದ ಅಪ್ಪ ಅನ್ನ ಕಲಸುತ್ತ, “ಆ ಮರ ವಾಪಸ್ ಕೊಟ್ಟುಬಿಡೋ. ನನಗ್ಯಾಕೋ ಸರಿಬರ್ತಿಲ್ಲ.”

“ಅರ್ಧಕ್ಕೆ ಬಿಟ್ಟು ಆ ಮುದುಕಿ ಮುಂದೆ ತಲೆ ತಗ್ಗಿಸಲಾ? ಉಣ್ಣು ಸುಮ್ಮನೆ!”

ಅವನಿಗೂ ಸರಿಬರುತ್ತಿರಲಿಲ್ಲ. ಆದರೆ ಕಿಡಿಗೆ ಹೆದರಿಕೆ ಬಂದರೂ ಅದು ಸಿಟ್ಟಿನ ಅಂಗಿ ತೊಟ್ಟೇ ಬರುವುದು. ಇನ್ನಷ್ಟು ಜೋರಾಗಿ ಸುತ್ತಿಗೆ ಹಿಡಿದ. ಪೇ ಬರೆದ ತುಂಡು ಕೈಗೆ ಬಂತು. ಮನೆಯ ಅಕ್ಷರದ್ದೇ ಆಕಾರ, ಒಳಗೊಂದು ಪುಟ್ಟ ನಾಲಿಗೆ ಇಳಿಬಿಟ್ಟಂತೆ. ಗೋಪುರದ ಎಲೆಯ ಕೆಳಗೆ ಬರುವ ಅಕ್ಷರ.

ಸಂಜೆಯಾಗಿತ್ತು. ತಂಗಿ ಪೊರಕೆ ಹಿಡಿದು ಬಂದಳು.

“ಕಾಲೆತ್ತು. ಅಣ್ಣಾ, ಇವತ್ತು ನಿಲ್ದಾಣದಲ್ಲಿ ಏನಾಯ್ತು ಗೊತ್ತಾ? ಒಬ್ಬ ಮುದುಕಪ್ಪ ನನ್ನ ಕೋಣೆ ಕಿಟಕಿ ಹತ್ರ ಬಂದ. ಬಸ್ಸು ಹೊರಟುನಿಂತಿದೆ, ಹತ್ತೋದು ಬಿಟ್ಟು ನನ್ನನ್ನೇ ನೋಡ್ತಾ ಏನಂದ ಗೊತ್ತಾ—”

“ಗೊತ್ತಿಲ್ಲ, ಗೊತ್ತಾಗೋದೂ ಬೇಡ! ಮುಚ್ಚು ಆ ಬಾಯಿ!” ಎಂದು ಕಿಡಿ ಕೊನೆಯ ಏಟು ಹೊಡೆದ. ನಾಲಿಗೆಯ ಚಕ್ಕೆ ಸಿಡಿದು ನೆಲಕ್ಕೆ ಬಿತ್ತು.

ಸದ್ದಡಗಿತು. ಅಬ್ಬ, ಕೊನೆಗೂ ಎಂದುಕೊಂಡ. ಸ್ವಲ್ಪ ಹೊತ್ತಿಗೆ ಆ ಮೌನವೇ ಬೆನ್ನಿಗೆ ಒತ್ತಿದಂತಾಗಿ ತಲೆ ಎತ್ತಿದ. ತಂಗಿ ಇನ್ನೂ ಮಾತಾಡುತ್ತಲೇ ಇದ್ದಳು. ತುಟಿ ಆಡುತ್ತಿತ್ತು, ಕೈ ಆಡುತ್ತಿತ್ತು, ನಗುವ ಕಡೆ ನಗುತ್ತಿದ್ದಳು. ದನಿಯಿಲ್ಲ. ಅವಳಿಗೇ ಅದು ತಿಳಿಯುವುದಕ್ಕೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಪೊರಕೆ ಬಿಟ್ಟು ಗಂಟಲು ಹಿಡಿದುಕೊಂಡು ಬಾಯಿ ತೆರೆದಳು. ಕಿಡಿ ದೀಪ ಹಿಡಿದು ನೋಡಿದ. ಹಲ್ಲು ಇತ್ತು, ನಾಲಿಗೆ ಇತ್ತು. ಅದರ ಹಿಂದೆ ಗಂಟಲಿರಬೇಕಾದ ಕಡೆ ಎರಡು ಇಳಿಜಾರು ಕೆಳಗಿಳಿದು, ತಳದಲ್ಲಿ ಚೂಪಾಗಿ ಕೂಡಿದ್ದವು. ಎಷ್ಟು ನಯವಾದ ಕೆಲಸ! ತನ್ನ ಉಳಿಯ ಗುರುತು ತನಗೆ ತಿಳಿಯದೇ ಇರುತ್ತದೆಯೇ?

ಮರುದಿನ ಹಟ ಮಾಡಿ ಕೆಲಸಕ್ಕೆ ಹೋದಳು. ಊರಿನ ಬಸ್ಸುಗಳೆಲ್ಲ ಹೊರಟು ನಿಂತರೂ ಮೈಕಿನಿಂದ ಬಂದದ್ದು ಬರಿಯ ಗುಂಯ್ ಎನ್ನುವ ಸದ್ದು. ಜನ ಯಾವ ಬಸ್ಸು ಎಲ್ಲಿ ಎಂದು ತಿಳಿಯದೆ ಕುರಿಮಂದೆಯ ಹಾಗೆ ಅತ್ತಿಂದಿತ್ತ ಓಡಿದರಂತೆ. ಮೇಲಿನವರು, ದನಿ ಬಂದರೆ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಳಿಸಿದರು. ವೈದ್ಯರು ಗಂಟಲಿಗೆ ಟಾರ್ಚು ಬಿಟ್ಟು, ಆ ಕಾಲುವೆ ಕಣ್ಣಿಗೆ ಬೀಳದೆ, ಎಲ್ಲ ಸರಿಯಿದೆ, ಮನಸ್ಸಿಗೆ ಏನೋ ಆಗಿದೆ ಎಂದರು. ಅವಳು ಬಂದು ಮೂಲೆಯಲ್ಲಿ ಕೂತಳು. ಅಳುವಾಗಲೂ ಸದ್ದಿಲ್ಲ. ಅದನ್ನು ಮಾತ್ರ ಕಿಡಿಯಿಂದ ನೋಡಲಾಗಲಿಲ್ಲ.

ಕಲ್ಲಿನಲ್ಲಿ ಅಕ್ಷರ ತಪ್ಪಿದರೆ ಕಲ್ಲುಪುಡಿಗೆ ಅಂಟು ಕಲಸಿ ಗುಂಡಿ ತುಂಬುವುದು ಅವರ ಕಸುಬಿನಲ್ಲಿ ಉಂಟು. ಮರದ ಹೊಟ್ಟಿಗೆ ಅಂಟು ಕಲಸಿ ಪೇ ಅಕ್ಷರದ ಕಾಲುವೆಗೆ ಒತ್ತಿದ. ಎದುರಿಗೆ ತಂಗಿ ಕೆಮ್ಮಿದಳು. ತುಟಿಯ ಮೇಲೆ ಹೊಟ್ಟು ಉದುರಿತು. ಜೀವ ಬಂದಂತಾಗಿ, “ಮಾತಾಡೇ, ಮಾತಾಡು!” ಎಂದ.

ತಂಗಿ ಬಾಯಿ ತೆರೆದಳು. “ಬಾಯಿ ಮುಚ್ಚು,” ಎಂದಳು. ಅವನ ದನಿಯಲ್ಲಿ. “ಸುತ್ತ ಗುಡಿಸು. ಉಣ್ಣು ಸುಮ್ಮನೆ. ಮುಚ್ಚು ಆ ಬಾಯಿ. ಬಾಯಿ ಮುಚ್ಚು.” ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈಯಿಂದ ಬಾಯಿ ಒತ್ತಿ ಹಿಡಿದರೂ ಬೆರಳ ಸಂದಿಯಿಂದ ಅವನ ಬೈಗುಳ ಬರುತ್ತಲೇ ಇತ್ತು. ಅಪ್ಪ ಎರಡೂ ಕಿವಿ ಮುಚ್ಚಿಕೊಂಡ. ಕಿಡಿ ಹಸಿ ಅಂಟನ್ನು ಉಗುರಿನಿಂದ ಕೆರೆದು ಕೆರೆದು ತೆಗೆದ. ಮತ್ತೆ ಮೌನ. ಈ ಸಲ ಆ ಮೌನವೇ ವಾಸಿ ಎನಿಸಿತು.

ತೋಡಿದ ತುಂಡುಗಳನ್ನು ಕಂಕುಳಲ್ಲಿ ಇರುಕಿಕೊಂಡು ಎಲೆಯಜ್ಜಿಯ ಕೋಣೆಗೆ ಓಡಿದ. ಅಜ್ಜಿ ಒಂದೊಂದನ್ನೂ ಬೆರಳಿನಿಂದ ಸವರಿದಳು. ಪೇ ಅಕ್ಷರದ ಗುಂಡಿಯಲ್ಲಿ ಬೆರಳು ನಿಂತಿತು.

“ಯಾರದ್ದು?”

“ತಂಗೀದು.”

“ಹೇಳಿದ್ದೆನಲ್ಲೋ ಮಗಾ.”

“ಹೇಳಿದ್ರಿ, ಆದರೆ ಹೀಗಾಗುತ್ತೆ ಅಂತ ಯಾಕೆ ಹೇಳಲಿಲ್ಲ? ಗೊತ್ತಿದ್ದೂ ಕೊಟ್ರಲ್ಲ! ನಿಮ್ಮ ಎಲೆಗೆ ಬೆಂಕಿ ಹಾಕ!” ಕೋಣೆ ನಡುಗುವಂತೆ ಕಿರುಚಿದ. ತಂತಿಯ ಮೇಲಿನ ಎಲೆಗಳು ಅಲುಗಲೂ ಇಲ್ಲ.

“ಕೂಗು ಮುಗೀತಾ?” ಎಂದಳು ಅಜ್ಜಿ. “ಮನೆ ಅಕ್ಷರ ಮುಟ್ಟಿಲ್ಲ ತಾನೇ? ಪುಣ್ಯವಂತ. ತಗೋ ಹೊಸ ತುಂಡು. ಮತ್ತೆ ಪೇ ಕೆತ್ತು. ಈ ಸಲ ಬಾಯಿ ಬಿಡು, ಸುತ್ತ ಇರೋದು ತೆಗಿ. ಆದರೆ ಒಂದು ಮಾತು. ಹುಳ ಹಿಡಿಯೋ ಮುಂಚಿನ ಅಚ್ಚುಗಳನ್ನ ನಾನೇ ಕೆತ್ತಿದ್ದೆ. ಬಿಟ್ಟದ್ದು ನಿಲ್ಲುತ್ತೆ ನಿಜ, ತೆಗೆದದ್ದು ಹೋಗೋದೂ ಅಷ್ಟೇ ನಿಜ. ಅವಳ ಬಾಯಿ ಸುತ್ತ ಏನಿದೆ ಅಂತ ಉಳಿ ಇಡೋ ಮೊದಲೇ ಯೋಚನೆ ಮಾಡು. ನೀನು ಯೋಚಿಸದೆ ಇದ್ರೆ ಉಳಿ ತಾನೇ ಆರಿಸಿಕೊಳ್ಳುತ್ತೆ. ಅವಳ ಮುಖವನ್ನೇ ತೆಗೆದೀತು.”

ಕಿಡಿ ಆಗ ಮೊದಲ ಸಲ ಕೋಣೆಯನ್ನು ಸರಿಯಾಗಿ ನೋಡಿದ. ಒಂದೇ ಕುರ್ಚಿ. ಒಂದೇ ತಟ್ಟೆ, ಒಂದೇ ಲೋಟ. ಗೋಡೆಯ ಮೇಲೆ ಒಂದು ಫೋಟೋ, ಅದರಲ್ಲಿ ಅಜ್ಜಿ ಹರೆಯದವಳು, ಮಡಿಲಲ್ಲಿ ಮಗು ಹಿಡಿದವರ ಹಾಗೆ ತೋಳು ಬಾಗಿಸಿ ಕೂತಿದ್ದಾಳೆ. ತೋಳಿನಲ್ಲಿ ಏನೂ ಇಲ್ಲ. ಹೊಸ ತುಂಡನ್ನು ಕಂಕುಳಿಗಿಟ್ಟು ಹೊರಟ.

ಮನೆಗೆ ಬಂದು ಬೆಂಚಿನ ಮುಂದೆ ಕೂತ. ಎದುರಿಗೆ ತಂಗಿಯನ್ನು ಕೂರಿಸಿಕೊಂಡ. ಬಾಗಿಲ ಹೊರಗೆ ಹಾಡುಹಗಲು, ಒಳಗೆ ದೀಪ. ಅವಳ ಬಾಯಿಯ ಸುತ್ತ ಏನಿದೆ? ಅಪ್ಪನಿದ್ದಾನೆ, ಅಪ್ಪನ ಮಾತು ಹತ್ತಿಯಷ್ಟು ಹಗುರ. ಕೆಲಸವಿದೆ, ಬಸ್ಸುಗಳಿವೆ, ಅವು ಅವಳಿಗೆ ಬೇಕು. ಮತ್ತೇನಿದೆ? ‘ನನ್ನ ಒಂದು ಮಾತು ಇಡೋಕೆ ಜಾಗ ಹುಡುಕ್ಬೇಕು’ ಎಂದಿದ್ದಳಲ್ಲ. ಅವಳು ಎಂದಾದರೂ ಒಂದು ಮಾತನ್ನು ಕೊನೆಮುಟ್ಟಿಸಿದ್ದನ್ನು ತಾನು ಕೇಳಿದ್ದುಂಟೇ? ನೆನಪು ಮಾಡಿಕೊಂಡ. ಒಂದೂ ಸಿಗಲಿಲ್ಲ.

“ನಾನೇ,” ಎಂದ ಕಿಡಿ, ಉಳಿಗೆ ಕೇಳುವಷ್ಟು. “ನನ್ನನ್ನ ತೆಗಿ.”

ಮೊದಲ ಚಕ್ಕೆ ಹಾರಿತು. ಎರಡನೆಯ ಏಟಿಗೆ ಉಳಿ ಜಾರಿ ಹೆಬ್ಬೆರಳಿಗೆ ತಾಗಿತು. ಅಭ್ಯಾಸಬಲದಿಂದ ಬಾಯಿ ತುಂಬ ಬೈದ. ಏನೂ ಕೇಳಿಸಲಿಲ್ಲ. ತನ್ನ ದನಿ ತನ್ನ ಕಿವಿಗೇ ಇಲ್ಲ. ಇಲ್ಲಿಗೆ ನಿಲ್ಲಿಸಿದರೆ ಇನ್ನೂ ಉಳಿಯುತ್ತೇನೋ ಏನೋ ಎಂದು ಕೈ ತಡೆಯಿತು. ಆಗ ತಂಗಿಯ ಗಂಟಲಿನಿಂದ ಸಣ್ಣಗೆ, ಹಸುಗೂಸಿನ ಮುಲುಕಾಟದಂಥ ಒಂದು ಸದ್ದು ಬಂತು. ಅವಳ ಕಣ್ಣು ಅಗಲವಾದವು.

ಕಿಡಿ ಕೈ ನಿಲ್ಲಿಸಲಿಲ್ಲ. ಒಂದೊಂದು ಚಕ್ಕೆಗೂ ಅವಳ ದನಿ ಒಂದೊಂದಿಷ್ಟು ಮೇಲೇಳುತ್ತಿತ್ತು. ಒಂದೊಂದು ಚಕ್ಕೆಗೂ ಅವಳ ನೋಟ ಅವನಿಂದ ಒಂದೊಂದಿಷ್ಟು ಪಕ್ಕಕ್ಕೆ ಸರಿಯುತ್ತಿತ್ತು, ದಾರಿಯಲ್ಲಿ ಕಂಬ ತಪ್ಪಿಸಿಕೊಂಡು ನಡೆಯುವವರ ಹಾಗೆ. ಬೆಂಚಿನ ಮೇಲೆ ಉಳಿಯ ನೆರಳು ಆಡುತ್ತಿತ್ತು, ಅದನ್ನು ಹಿಡಿದ ಕೈಯ ನೆರಳು ಇರಲಿಲ್ಲ. ಕೊನೆಗೆ ಮರದ ನಡುವೆ ಪೇ ಎದ್ದು ನಿಂತಿತು, ಒಳಗಿನ ಪುಟ್ಟ ನಾಲಿಗೆ ಸಮೇತ. ಅವನು ಆವರೆಗೆ ಕೆತ್ತಿದ ಅಕ್ಷರಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದಿರಲಿಲ್ಲ. ತೋರಿಸೋಣವೆಂದು ತಲೆ ಎತ್ತಿದ.

ತಂಗಿ ಎದ್ದು ಅವನ ಪಕ್ಕದಿಂದಲೇ ಹಾದು ಅಪ್ಪನ ಕುರ್ಚಿಯ ಬಳಿ ಹೋದಳು.

“ಅಪ್ಪಾ, ಮುದುಕಪ್ಪ ಏನಂದ ಗೊತ್ತಾ? ‘ಬಸ್ಸು ಹೋದ್ರೆ ಹೋಗಲಿ, ಇನ್ನೊಂದು ಸಲ ಕೂಗಮ್ಮ. ನಮ್ಮೂರ ಹೆಸರು ನಿನ್ನ ಬಾಯಲ್ಲಿ ಕೇಳೋಕೆ ಚೆಂದ’ ಅಂದ!”

ಅಪ್ಪ ಅತ್ತ, ನಕ್ಕ, ಅವಳ ತಲೆ ಸವರಿದ. “ನಿನ್ನ ಗಂಟಲು ಸರಿಹೋಯ್ತಲ್ಲ, ಸಾಕು. ನಿನ್ನ ಬಿಟ್ಟರೆ ನನಗ್ಯಾರಿದ್ದಾರೆ ಹೇಳು?”

ಕಿಡಿ ಅವರಿಬ್ಬರ ನಡುವೆ ಹೋಗಿ ನಿಂತ. ಕೈ ಬೀಸಿದ. ಬೆಂಚಿಗೆ ಸುತ್ತಿಗೆಯಿಂದ ಗುದ್ದಿದ. ಅಪ್ಪ ಕಿವಿಯ ಬಳಿ ನೊಣ ಓಡಿಸುವಂತೆ ಒಮ್ಮೆ ಕೈಯಾಡಿಸಿದ, ಅಷ್ಟೇ. ಉಣ್ಣುವಾಗ ತಂಗಿ ಎರಡು ತಟ್ಟೆ ಇಟ್ಟಳು.

ಎಲೆಯಜ್ಜಿ ಬಂದದ್ದು ಮರುದಿನ, ಬಾಗಿಲನ್ನು ಕೈಯಿಂದ ತಡವಿ ಹುಡುಕಿಕೊಂಡು. ನೇರ ಬೆಂಚಿನ ಬಳಿ ನಡೆದು, ಹೊಸ ಅಚ್ಚನ್ನು ಸವರಿ ನೋಡಿ, ಪೊರೆ ಬಂದ ಕಣ್ಣನ್ನು ಸರಿಯಾಗಿ ಕಿಡಿಯ ಮುಖಕ್ಕೆ ನೆಟ್ಟಳು.

“ಬಿಡೋದು ಕಲಿತೆ,” ಎಂದಳು. “ಮೊಳೆ, ಬಾಗಿಲು, ಕಿಟಕಿ ಇನ್ನೂ ಗುಂಡಿಯಾಗೇ ಇವೆ. ಅವನ್ನೂ ಎಬ್ಬಿಸು, ಇವರು ಕತ್ತಲಲ್ಲಿ ಎಷ್ಟು ದಿನ ಇರ್ತಾರೆ. ಆಮೇಲೆ ಇದು.” ಚೀಲದಿಂದ ಒಂದು ತುಂಡು ತೆಗೆದಿಟ್ಟಳು. “ಆಲೆಫ್. ಮರುಳನ ಎಲೆಗೆ. ಇದಕ್ಕೆ ಸ್ವಂತ ದನಿ ಇಲ್ಲ. ಮಾತು ಹೊರಡೋ ಮೊದಲು ಬಾಯಿ ತೆರೀತಾರಲ್ಲ, ಅಷ್ಟೇ ಇದು. ನಿನಗೆ ಈಗ ಕಷ್ಟ ಆಗಲ್ಲ.”

ನಾನು ವಾಪಸ್ ಬರೋದು ಯಾವಾಗ ಎಂದು ಕಿಡಿ ಕೇಳಿದ. ಅಜ್ಜಿ ಅವನ ತುಟಿಯನ್ನೇ ನೋಡುತ್ತಿದ್ದಳು. ಆಲೆಫ್ ತುಂಡನ್ನು ಅವನ ಕಡೆ ಸರಿಸಿದಳು. ಆ ಖಾಲಿ ತೋಳಿನ ಫೋಟೋ ಅವನ ಕಣ್ಣ ಮುಂದೆ ಬಂತು.

“ಯಾರ ಹತ್ರ ಮಾತಾಡ್ತಿದ್ದೀರಿ ಅಜ್ಜಿ?” ಎಂದಳು ತಂಗಿ ಒಳಗಿನಿಂದ ಬಂದು.

“ವಯಸ್ಸಾಯ್ತಲ್ಲಮ್ಮ. ನನ್ನಷ್ಟಕ್ಕೆ ನಾನು.”

ಮೊದಲು ಬಾಗಿಲು ಎದ್ದು ನಿಂತಿತು, ಗಿರಾಕಿಗಳು ಬಂದರು. ಅಪ್ಪ ಅವರಿಗೆಲ್ಲ, ನನ್ನ ಕೈ ನಡುಗುತ್ತೆ, ಕೆತ್ತೋಕೆ ಬೇರೆ ಯಾರೂ ಇಲ್ಲ, ಆದರೂ ಕಲ್ಲು ಬಿಟ್ಟುಹೋಗಿ, ಹೇಗೋ ಆಗುತ್ತೆ ಎನ್ನುತ್ತಿದ್ದ. ಹೇಗೋ ಆಗುತ್ತಿತ್ತು. ಹೇಗೆ ಎಂದು ಅವನು ಕೇಳಿಕೊಳ್ಳಲಿಲ್ಲ. ಕಿಟಕಿ ಎದ್ದಿತು, ಬೆಳಕು ಒಳಗೆ ಬಂದು ಬೆಂಚಿನ ಮೇಲೆ ಬಿದ್ದು, ಅಲ್ಲಿ ಕೂತವನ ಮೂಲಕ ಹಾಯ್ದು ಆಚೆ ಗೋಡೆ ಮುಟ್ಟಿತು. ಮೊಳೆ ಎದ್ದ ದಿನ ತಂಗಿ ಅಮ್ಮನ ಫೋಟೋಕ್ಕೆ ಹೊಸ ಗಾಜು ಹಾಕಿಸಿ ಮೊದಲಿದ್ದ ಕಡೆಯೇ ತೂಗುಹಾಕಿದಳು. ದೂರದ ನಿಲ್ದಾಣದಿಂದ ಅವಳ ದನಿ ದಿನವಿಡೀ ಬೀದಿ ದಾಟಿ ಬರುತ್ತಿತ್ತು. ಕಿಡಿ ಉಳಿ ನಿಲ್ಲಿಸಿ, ಒಂದೊಂದು ಊರಿನ ಹೆಸರನ್ನೂ ಕೊನೆಯ ತನಕ ಕೇಳುತ್ತಿದ್ದ.

ಆಲೆಫ್ ಬರೆದ ತುಂಡನ್ನು ಬೆಂಚಿಗೆ ಬಿಗಿದ ಸಂಜೆ ತಂಗಿ ಪೊರಕೆ ಹಿಡಿದು ಬಂದಳು. ಬೆಂಚಿನ ಸುತ್ತ ಮರದ ಚಕ್ಕೆ ಹರಡಿತ್ತು. ಅವಳು ನೋಡುತ್ತಿದ್ದ ಹಾಗೆಯೇ ಇನ್ನೊಂದು ಚಕ್ಕೆ ಗಾಳಿಯಿಂದ ಹುಟ್ಟಿದಂತೆ ನೆಲಕ್ಕೆ ಬಿತ್ತು.

“ಅಪ್ಪಾ, ಈ ಚಕ್ಕೆ ಎಲ್ಲಿಂದ ಬೀಳುತ್ತೆ ಅಂತೀನಿ! ಗುಡಿಸಿ ಗುಡಿಸಿ ಸೊಂಟ ಬಿದ್ದುಹೋಯ್ತು,” ಎಂದು ಗೊಣಗುತ್ತ ಬೆಂಚಿನ ಕೆಳಗೆ ಬಗ್ಗಿದಳು.

ಕಿಡಿಯ ನಾಲಿಗೆಯ ತುದಿಗೆ ಏನೋ ಬಂತು. ಬಾಯಿ ತೆರೆದ, ಹಾಗೆಯೇ ಮುಚ್ಚಿಕೊಂಡ. ಎರಡೂ ಕಾಲು ಎತ್ತಿದ. ಪೊರಕೆ ಕೆಳಗಿನಿಂದ ಹಾದುಹೋಯಿತು.